ನೇಮ ಎಂಬ ನುಡಿ

ಗಡಿನಾಡಿನ ವಿದ್ಯಾರ್ಥಿಗೆ ಕೆಲವು ಪದಗಳು ಎರಡು ದಿಕ್ಕಿನಿಂದ ಕೇಳಿಸುತ್ತವೆ. ಕನ್ನಡದ ‘ಅಭ್ಯಾಸ’ ಓದೂ ಹೌದು, ರೂಢಿಯೂ ಹೌದು. ಮರಾಠಿಯಲ್ಲಿ ಅದು ಮುಖ್ಯವಾಗಿ ಓದು. ದಿನನಿತ್ಯ ಮೈಗೂಡಿದ ನಡೆಗೆ ‘ಸವಯ’ ಎಂಬ ಬೇರೆ ಪದವಿದೆ. ನಮ್ಮ ‘ರೂಢಿ’ ವ್ಯಕ್ತಿಯದು. ಮರಾಠಿಯ ‘ರೂಢಿ’ ಸಮಾಜದ ಸಂಪ್ರದಾಯ. ಇವುಗಳ ನಡುವೆ ‘ನೇಮ’ವೊಂದು ವಿಶೇಷ ಪದ. ಸಂಸ್ಕೃತದ ‘ನಿಯಮ’ದಿಂದ ಬಂದ ಈ ತದ್ಭವ ಕನ್ನಡದಲ್ಲಿ ವ್ರತವನ್ನು ಸೂಚಿಸಿದರೆ, ಮರಾಠಿಯಲ್ಲಿ ಅದರ ಜೊತೆಗೆ ಗುರಿಯನ್ನೂ ಸೂಚಿಸುತ್ತದೆ. ಬಾಣ ಹೂಡುವವನು ಹಿಡಿಯುವುದು ಸಹ ‘ನೇಮ’ವೇ. (ಕಾಸರಗೋಡಿನವರಿಗೆ ಇದೇ ಪದ ದೈವದ ಉತ್ಸವ.)

ಜತ್ತ ತಾಲ್ಲೂಕಿನ ಉಮದಿಯ ಭಾವೂಸಾಹೇಬ ಮಹಾರಾಜರ ಇಂಚಗೇರಿ ಸಂಪ್ರದಾಯದಲ್ಲಿ ನಿತ್ಯದ ನಾಮಧ್ಯಾನಕ್ಕೆ ‘ನೇಮ’ವೆಂದೇ ಹೆಸರು. ಕನ್ನಡ ಪದಗಳೂ ಮರಾಠಿ ಅಭಂಗಗಳೂ ಅಲ್ಲಿ ಒಟ್ಟಿಗೆ ಕೇಳಿಬರುತ್ತವೆ. ಜಮಖಂಡಿಯಲ್ಲಿ 1886ರಲ್ಲಿ ಜನಿಸಿ, ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಹೆಸರಾದ ರಾ. ದ. ರಾನಡೆಯವರು ಈ ಪರಂಪರೆಯವರು. ಅಧ್ಯಾಪನ, ಗ್ರಂಥರಚನೆಗಳ ನಡುವೆಯೂ ಅವರು ನೇಮವನ್ನು ಬಿಡಲಿಲ್ಲ. ಧ್ಯಾನವು ಸಂಸಾರ ತೊರೆದವರ ಸೊತ್ತೆಂಬ ಭಾವನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಅಭ್ಯಾಸವು ಗಟ್ಟಿಯಾಗಲು ಪತಂಜಲಿಯ ಯೋಗಸೂತ್ರ ಮೂರು ಮಾತು ಹೇಳುತ್ತದೆ: ದೀರ್ಘಕಾಲ, ನೈರಂತರ್ಯ, ಸತ್ಕಾರ. ಇಲ್ಲಿ ದೀರ್ಘಕಾಲವೆಂದರೆ ಒಂದೇ ಸಲಕ್ಕೆ ಗಂಟೆಗಟ್ಟಲೆ ಕೂಡುವುದೆಂದು ತಿಳಿಯಬೇಕಾಗಿಲ್ಲ. ಬಹುಕಾಲ ನಡೆಸಿಕೊಂಡು ಹೋಗುವುದೆಂದೇ ಅರ್ಥೈಸುವುದು ಉಚಿತ. ಹಾಗೆ ನೋಡಿದರೆ ದಿನಕ್ಕೆ ಐದು ನಿಮಿಷವೂ ನೇಮವೇ. ಅದನ್ನು ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಗಂಟು ಹಾಕಬೇಕು: ಸ್ನಾನವಾದ ಮೇಲೆ, ಪುಸ್ತಕ ತೆರೆಯುವ ಮೊದಲು, ಅದೇ ಚಾಪೆ, ಅದೇ ಮೂಲೆ. ಮೊಬೈಲು ಇನ್ನೊಂದು ಕೋಣೆಯಲ್ಲಿರಲಿ. ಗಮನ ಉಸಿರಿನ ಮೇಲಾಗಲಿ, ಇಷ್ಟವಾದ ನಾಮದ ಮೇಲಾಗಲಿ ಇದ್ದರೆ ಸಾಕು. ಮನಸ್ಸು ಓಡುತ್ತದೆ, ಓಡಿದಲ್ಲಿಂದ ಮರಳಿ ತರಬೇಕೆಂಬುದು ಗೀತೆಯ ಆರನೆಯ ಅಧ್ಯಾಯದ ಸೂಚನೆ. ಆ ಮರಳಿ ತರುವುದೇ ಅಭ್ಯಾಸ, ಅದು ಅಭ್ಯಾಸದ ಸೋಲಲ್ಲ. ಹೊಸಬರು ಬಿಟ್ಟುಬಿಡುವುದು ಬಹುತೇಕ ಇದನ್ನು ತಪ್ಪಾಗಿ ತಿಳಿದೇ. ಒಂದು ದಿನ ತಪ್ಪಿದರೆ ಮರುದಿನ ಹತ್ತು ನಿಮಿಷ ಕೂತು ಸಾಲ ತೀರಿಸುವ ಅಗತ್ಯವಿಲ್ಲ. ಮತ್ತೆ ಐದೇ ನಿಮಿಷ ಕೂತರಾಯಿತು.

ಆದರೆ ನೇಮವನ್ನು ಪ್ರಶ್ನಿಸಿದವರೂ ನಮ್ಮವರೇ. ಕಾಯಕದಲ್ಲಿ ನಿರತನಾದವನು ಲಿಂಗಪೂಜೆಯನ್ನು ಸಹ ಮರೆಯಬೇಕೆಂಬುದು ಆಯ್ದಕ್ಕಿ ಮಾರಯ್ಯನ ನಿಲುವು. ಓದು ತಪ್ಪಿಸಿಕೊಳ್ಳಲು ಕಣ್ಣು ಮುಚ್ಚಿ ಕೂತ ವಿದ್ಯಾರ್ಥಿಯನ್ನು ಅವನು ಒಪ್ಪಲಾರ. ಇದಕ್ಕೆ ಎದುರಾಗಿ ಸೊನ್ನಲಿಗೆಯ ಸಿದ್ಧರಾಮನಿದ್ದಾನೆ. ಕೆರೆ ಕಟ್ಟಿಸುವ ಲೋಕೋಪಕಾರದಲ್ಲಿ ಮುಳುಗಿದ್ದ ಅವನನ್ನು ಅಲ್ಲಮ ಒಳಮುಖವಾಗಿ ತಿರುಗಿಸುವ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಸೊಲ್ಲಾಪುರದ ಕೆರೆಯನ್ನು ಕಂಡವರಿಗೆ ಆ ಮಾತಿನ ಬಿರುಸು ಚೆನ್ನಾಗಿ ಅರ್ಥವಾದೀತು: ಅಷ್ಟು ದೊಡ್ಡ ಕೆಲಸವೂ ಸಾಲದೆಂದು ಅಲ್ಲಮ ಹೇಳುತ್ತಿದ್ದಾನೆ.

ಮಾರಯ್ಯನಿಗೆ ಪೂಜೆಗಿಂತ ಕೆಲಸ ಮೇಲು. ಸಿದ್ಧರಾಮನಿಗೆ ಅಲ್ಲಮನ ಎಚ್ಚರಿಕೆ ಕೆಲಸದ ಬಗೆಗೇ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಎರಡೂ ಪ್ರಸಂಗಗಳನ್ನು ಮೂಲದಲ್ಲಿ ಓದಿ, ‘ಮರೆವು’ ಎಂಬ ಪದವು ಎಲ್ಲಿ ಗುಣವಾಗಿ, ಎಲ್ಲಿ ದೋಷವಾಗಿ ಬಂದಿದೆಯೆಂದು ಗುರುತು ಹಾಕಿಕೊಂಡು ಬರುವುದು.