ನಮ್ಮ ಹಿತ್ತಲ ಕೋಳಿಗಳನ್ನು ಉಳಿಸಿಕೊಳ್ಳೋಣ

(ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಲು)



ಹಳ್ಳಿಯಲ್ಲಿ ನಮ್ಮನ್ನು ಎಬ್ಬಿಸೋದು ಹುಂಜ. ಅದು ಕೂಗಿದ ಮೇಲೆ ಕೊಟ್ಟಿಗೆ ಬಾಚೋದು, ಹಾಲು ಕರೆಯೋದು, ಆಡು ಬಿಚ್ಚೋದು, ಮಕ್ಕಳನ್ನು ಶಾಲೆಗೆ ಕಳಿಸೋದು ಎಲ್ಲಾ ಶುರುವಾಗುತ್ತದೆ. ಹಾಲಿನ ದುಡ್ಡು ಡೈರಿಯ ಪಾಸ್‌ಬುಕ್ಕಿಗೆ ಹೋಗುತ್ತದೆ. ಆಡು ಮಾರಿದ ದುಡ್ಡು ಯಜಮಾನರ ಕೈಗೆ ಹೋಗುತ್ತದೆ. ಆದರೆ ಕೋಳಿ, ಮೊಟ್ಟೆ ಮಾರಿದ ದುಡ್ಡು ಬಹಳ ಮನೆಗಳಲ್ಲಿ ಹೆಂಗಸರ ಕೈಯಲ್ಲೇ ಉಳಿಯುತ್ತದೆ. ಮಗುವಿನ ನೋಟ್ ಪುಸ್ತಕ, ಬಸ್ ಚಾರ್ಜು, ಸಂಘದ ಉಳಿತಾಯ, ಇವೆಲ್ಲಾ ನಡೆಯೋದು ಅದರಿಂದಲೇ. ಹಾಗಾಗಿ ಕೋಳಿ ಸತ್ತರೆ ಪೆಟ್ಟು ಮೊದಲು ಬೀಳುವುದು ನಮಗೇ.

ಒಂದು ಸಂಘದಲ್ಲಿ ನಡೆದದ್ದು

ನಮ್ಮ ಒಂದು ಸಂಘದಲ್ಲಿ ಎಂಟು ಸದಸ್ಯೆಯರು ಆಂತರಿಕ ಸಾಲ ತೆಗೆದು ನಾಟಿ ಕೋಳಿ ಸಾಕಿದರು. ಮೊದಲ ಕಂತುಗಳು ಸರಿಯಾಗಿಯೇ ಬಂದವು. ಬೇಸಿಗೆಯಲ್ಲಿ ಒಬ್ಬ ಸಹೋದರಿ ಸಂತೆಯಿಂದ ಎರಡು ಹೇಂಟೆ ತಂದು ನೇರವಾಗಿ ಹಿಂಡಿಗೆ ಬಿಟ್ಟರು. ಐದಾರು ದಿನಕ್ಕೆ ಅದರಲ್ಲೊಂದು ರೆಕ್ಕೆ ಇಳಿಬಿಟ್ಟು ತೂಕಡಿಸತೊಡಗಿತು. ಆಮೇಲೆ ದಿನಕ್ಕೆ ಎರಡು, ಮೂರು ಸತ್ತವು. ಪಕ್ಕದ ಮನೆಯವರು ಹೆದರಿ, "ಸಾಯೋ ಮುಂಚೆ ಮಾರಿಬಿಡೋಣ" ಅಂತ ಉಳಿದದ್ದನ್ನು ಸಂತೆಗೆ ಒಯ್ದರು. ಎರಡು ವಾರದಲ್ಲಿ ಬೀದಿಯಲ್ಲಿ ಹುಂಜದ ಕೂಗೇ ಇಲ್ಲ.

ಸಭೆಯಲ್ಲಿ ಜಗಳವಾಯಿತು. "ನಿನ್ನಿಂದಲೇ ಬಂತು" ಎಂದು ಎಲ್ಲರೂ ಅಂದರು. ಆ ಸಹೋದರಿ ಸಭೆಗೆ ಬರುವುದನ್ನೇ ಬಿಟ್ಟರು. ನಾವು ಹೋಗಿ "ಲಸಿಕೆ ಹಾಕಿಸಿದ್ರಾ?" ಎಂದು ಕೇಳಿದರೆ, "ಕೋಳಿಗೂ ಲಸಿಕೆ ಇರ್ತದಾ?" ಎಂದರು. ನಮಗೇ ನಾಚಿಕೆಯಾಯಿತು. ಸಾಲದ ಪುಸ್ತಕ ಬರೆಯುವುದನ್ನು ಕಲಿಸಿದ್ದ ನಾವು ಲಸಿಕೆಯ ಮಾತನ್ನೇ ಎತ್ತಿರಲಿಲ್ಲ. ತಪ್ಪು ನಮ್ಮದೂ ಇತ್ತು.

ಇದು ಯಾವ ರೋಗ?

ಇದನ್ನು ಕೊಕ್ಕರೆ ರೋಗ ಅಥವಾ ರಾಣಿಖೇತ್ ರೋಗ ಎನ್ನುತ್ತಾರೆ. ವೈರಸ್‌ನಿಂದ ಬರುತ್ತದೆ. ಕೋಳಿ ಮಂಕಾಗುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಹಸಿರು ಬಣ್ಣದ ಹಿಕ್ಕೆ ಹಾಕುತ್ತದೆ. ಕೆಲವಕ್ಕೆ ಕತ್ತು ತಿರುಚಿಕೊಳ್ಳುತ್ತದೆ, ಕಾಲು ಬೀಳುತ್ತದೆ. ಹಿಕ್ಕೆ, ನೀರಿನ ಪಾತ್ರೆ, ಮಂಕರಿ, ನಮ್ಮ ಕೈಕಾಲು, ಇವೆಲ್ಲದರಿಂದ ಹರಡುತ್ತದೆ. ರೋಗ ಬಂದ ಮೇಲೆ ಔಷಧಿ ಇಲ್ಲ. ಬರದಂತೆ ತಡೆಯುವ ಲಸಿಕೆ ಮಾತ್ರ ಇದೆ.

ಒಬ್ಬಳಿಂದ ಆಗದ್ದು, ಸಂಘದಿಂದ ಆಗುವಂಥದ್ದು

ಲಸಿಕೆಯ ಬಾಟಲಿ ಚಿಕ್ಕದೆಂದರೂ ಸಾಮಾನ್ಯವಾಗಿ 100 ಕೋಳಿಗೆ ಆಗುವಷ್ಟು ಇರುತ್ತದೆ. ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು, ಉಳಿದದ್ದು ನಾಳೆಗೆ ಬರುವುದಿಲ್ಲ. ಎಂಟು ಕೋಳಿ ಇಟ್ಟುಕೊಂಡವಳು ಒಬ್ಬಳೇ ಬಾಟಲಿ ತಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಮಣ್ಣುಪಾಲು. ಅದಕ್ಕೇ ಯಾರೂ ತರುವುದಿಲ್ಲ. ಅದೇ ಹನ್ನೆರಡು ಮನೆ ಸೇರಿದರೆ ಒಂದು ಬಾಟಲಿ ಸರಿಹೋಗುತ್ತದೆ, ಖರ್ಚೂ ಹಂಚಿಹೋಗುತ್ತದೆ. ಅಲ್ಲದೆ ಒಂದು ಮನೆಯವರು ಮಾತ್ರ ಹಾಕಿಸಿದರೆ ಸಾಲದು. ಕೋಳಿಗಳಿಗೆ ಬೇಲಿ ಎಂಬುದಿಲ್ಲ, ಎಲ್ಲರ ಹಿತ್ತಲಲ್ಲೂ ಮೇಯುತ್ತವೆ.

ಹಾಗಾದರೆ ಮರಿಗಳ ವಯಸ್ಸು ಒಂದೇ ಇರಬೇಕಲ್ಲ? ಅದಕ್ಕೊಂದು ಉಪಾಯ ಇದೆ. ಕಾವಿಗೆ ಬಂದ ಹೇಂಟೆಗಳನ್ನು ಎಲ್ಲರೂ ಒಂದೇ ವಾರದಲ್ಲಿ ಮೊಟ್ಟೆಯ ಮೇಲೆ ಕೂರಿಸಿ. 21 ದಿನಕ್ಕೆ ಮರಿ ಬರುತ್ತದೆ. ಬೀದಿಯ ಮರಿಗಳೆಲ್ಲಾ ಓರಗೆಯವಾಗುತ್ತವೆ.

ಲಸಿಕೆಯ ಕ್ರಮ

1. 5ರಿಂದ 7ನೇ ದಿನ: ಲಸೋಟಾ ಅಥವಾ ಎಫ್ ಲಸಿಕೆ. ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ.
2. ಸುಮಾರು 28ನೇ ದಿನ: ಅದೇ ಹನಿ ಮತ್ತೊಮ್ಮೆ.
3. ಸುಮಾರು 8 ವಾರಕ್ಕೆ: ಆರ್‌2ಬಿ ಲಸಿಕೆ, ರೆಕ್ಕೆಯ ಕೆಳಗೆ ಚರ್ಮದಡಿ ಸೂಜಿ. ಇದನ್ನು ಎಳೆಯ ಮರಿಗಳಿಗೆ ಹಾಕಲೇಬಾರದು. ಕಲಿತವರೇ ಹಾಕಬೇಕು. ಮುಂದೆ ಯಾವಾಗ ಎಂಬುದನ್ನು ಪಶು ಆಸ್ಪತ್ರೆಯ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಲಸಿಕೆ ತಂಪಿನಲ್ಲೇ ಇರಬೇಕು. ಥರ್ಮಾಸ್ ಫ್ಲಾಸ್ಕಿಗೆ ಐಸ್ ತುಂಬಿ ತನ್ನಿ, ಬಿಸಿಲಿಗೆ ಇಡಬೇಡಿ. ಬೆಳಗ್ಗೆ ಕೋಳಿ ಬಿಡುವ ಮುಂಚೆ ಅಥವಾ ಸಂಜೆ ಗೂಡಿಗೆ ಸೇರಿದ ಮೇಲೆ ಹಾಕಿ, ಹಿಡಿಯುವುದು ಸುಲಭ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಬೇಕು.

ದಿನನಿತ್ಯದ ಪಾಲನೆ

* ಒಂದು ಹೇಂಟೆಯ ಕೆಳಗೆ 10–12 ಮೊಟ್ಟೆ ಸಾಕು. ಏಳನೇ ದಿನ ಕತ್ತಲಲ್ಲಿ ಟಾರ್ಚ್ ಹಿಡಿದು ನೋಡಿ. ಒಳಗೆ ಕೆಂಪು ನರ ಕಾಣದ ಮೊಟ್ಟೆಯನ್ನು ತೆಗೆದುಬಿಡಿ.
* ಮೊಟ್ಟೆ ಇಡಲು ಹುಂಜ ಬೇಡ, ಮರಿಯಾಗಲು ಬೇಕೇ ಬೇಕು. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಅದನ್ನು ಆಗಾಗ್ಗೆ ಬೇರೆ ಮನೆಯವರೊಂದಿಗೆ ಬದಲಾಯಿಸಿಕೊಳ್ಳಿ. ಒಂದೇ ರಕ್ತದಲ್ಲಿ ಮರಿಯಾಗುತ್ತಾ ಹೋದರೆ ತಳಿ ಸೊರಗುತ್ತದೆ.
* ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿ ಬೇಗ ತೂಕ ಬರುತ್ತದೆ. ಆದರೆ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಕಾವಿಗೆ ನಮ್ಮ ನಾಟಿ ಹೇಂಟೆಯೇ ಬೇಕು. ಎರಡಕ್ಕೂ ಲಸಿಕೆ ಬೇಕು.
* ಮೊದಲ ಒಂದು ತಿಂಗಳು ಮರಿಗಳನ್ನು ಮಂಕರಿಯಡಿ, ಬೆಚ್ಚಗೆ ಇಡಿ. ಕಾಗೆ, ಹದ್ದು, ಮುಂಗುಸಿ, ಬೆಕ್ಕಿಗೆ ಹೆಚ್ಚು ಸಿಗುವುದು ಆಗಲೇ. ನುಚ್ಚು, ರಾಗಿ ಕೊಡಿ. ಶುದ್ಧ ನೀರನ್ನು ದಿನಾ ಬದಲಾಯಿಸಿ.
* ಕೋಳಿಗಳನ್ನು ದನದ ಗೋದಲಿಯ ಮೇಲೆ ಕೂರಲು ಬಿಡಬೇಡಿ. ಹಿಕ್ಕೆ ಬಿದ್ದ ಮೇವನ್ನು ಹಸು, ಆಡು ತಿನ್ನಬಾರದು. ಗೊಬ್ಬರದ ಗುಂಡಿ ಕೆದಕಿ ಹುಳ ತಿನ್ನಲಿ, ಅದು ಒಳ್ಳೆಯದೇ.
* ಅಡುಗೆಮನೆಯಲ್ಲಿ, ಮಲಗುವಲ್ಲಿ ಕೋಳಿ ಬೇಡ. ಕೋಳಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಿರಿ, ಮಕ್ಕಳಿಗೂ ಕಲಿಸಿ.
* ಹೊಸದಾಗಿ ತಂದ ಕೋಳಿಯನ್ನು ಎರಡು ವಾರ ಬೇರೆ ಗೂಡಿನಲ್ಲಿ ಇಟ್ಟು ನೋಡಿ, ಆಮೇಲೆ ಹಿಂಡಿಗೆ ಬಿಡಿ.

ರೋಗ ಕಂಡರೆ

ಕಾಯಿಲೆಯ ಕೋಳಿಯನ್ನು ಸಂತೆಗೆ ಒಯ್ಯಬೇಡಿ. ನಮ್ಮ ನಷ್ಟ ಇನ್ನೊಬ್ಬ ಬಡ ಹೆಂಗಸಿನ ಹಿತ್ತಲಿಗೆ ಹೋಗುತ್ತದೆ, ಅಷ್ಟೇ. ಆ ಎರಡು ಹೇಂಟೆ ನಮ್ಮೂರಿಗೆ ಬಂದದ್ದೂ ಹೀಗೇ ಇರಬಹುದಲ್ಲವೇ? ಸತ್ತದ್ದನ್ನು ಕೆರೆಗೆ, ತಿಪ್ಪೆಗೆ ಎಸೆಯಬೇಡಿ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ಒಮ್ಮೆಗೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಹಕ್ಕಿಜ್ವರವೂ ಹೀಗೇ ಶುರುವಾಗುತ್ತದೆ. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ, 2012ರಲ್ಲಿ ನಮ್ಮ ಹೆಸರಘಟ್ಟದಲ್ಲಿ ಅದು ಕಾಣಿಸಿಕೊಂಡಿತ್ತು. ಯಾವ ರೋಗ ಎಂಬುದನ್ನು ಪರೀಕ್ಷೆ ಮಾಡಿಯೇ ಹೇಳಬೇಕು.

ಆ ಸಂಘ ಮುಂದೆ ಏನು ಮಾಡಿತು?

ಎರಡು ಸಭೆ ಕೂತು ಮಾತಾಡಿದರು. ಕಂತು ಕಟ್ಟಲು ಎಂಟೂ ಜನರಿಗೆ ಆರು ತಿಂಗಳ ಗಡುವು ಕೊಟ್ಟರು. ಅಧ್ಯಕ್ಷೆ ತಾವೇ ಆ ಸಹೋದರಿಯ ಮನೆಗೆ ಹೋಗಿ, "ಗೊತ್ತಿಲ್ಲದೆ ಆದದ್ದು, ಬಾರಮ್ಮ" ಎಂದು ಕರೆತಂದರು. ಈಗ ಫ್ಲಾಸ್ಕ್ ಇರುವುದು ಅವರ ಮನೆಯಲ್ಲೇ. ಲಸಿಕೆಯ ದಿನ ನಸುಕಿನಲ್ಲೇ ಎದ್ದು ಮನೆಮನೆ ಬಾಗಿಲು ತಟ್ಟುವವರೂ ಅವರೇ. ಕಾಗೆ, ಮುಂಗುಸಿಗೆ ಮರಿ ಹೋಗುವುದು ಇನ್ನೂ ಇದೆ. ಆದರೆ ಬೀದಿಗೆ ಬೀದಿಯೇ ಖಾಲಿಯಾದದ್ದು ಮತ್ತೆ ಆಗಿಲ್ಲ.

ಚರ್ಚೆಗೆ

1. ಕಳೆದ ವರ್ಷ ನಮ್ಮ ಸಂಘದವರ ಎಷ್ಟು ಕೋಳಿ ಸತ್ತವು? ಮಾರಿದ್ದರೆ ಎಷ್ಟು ದುಡ್ಡು ಬರುತ್ತಿತ್ತು? ಲೆಕ್ಕ ಹಾಕಿ.
2. ನಮ್ಮ ಮನೆಯಲ್ಲಿ ಕೋಳಿಯ ದುಡ್ಡು ಯಾರ ಕೈಯಲ್ಲಿದೆ?
3. ಸದಸ್ಯೆಯೊಬ್ಬಳಿಗೆ ನಷ್ಟವಾದಾಗ ನಾವು ದೂರುತ್ತೇವೋ, ಜೊತೆ ನಿಲ್ಲುತ್ತೇವೋ?

ಇಂದಿನ ತೀರ್ಮಾನ

ಬೀದಿಯ ಕೋಳಿಗಳನ್ನು ಎಣಿಸಿ ಪಟ್ಟಿ ಮಾಡೋಣ. ಪಶು ಆಸ್ಪತ್ರೆಗೆ ಹೋಗಿ ಬರಲು ಇಬ್ಬರನ್ನು ಆರಿಸೋಣ. ಲಸಿಕೆಯ ದಿನವನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು, ಸಂಘಕ್ಕೆ ಸೇರದ ನೆರೆಮನೆಯವರಿಗೂ ತಿಳಿಸೋಣ. ಅವರ ಕೋಳಿ ಉಳಿದರೆ ನಮ್ಮದೂ ಉಳಿದೀತು.