ಕಿಟಕಿಯಿಂದ ಗುಂಡ್ಲುಪೇಟೆ ಕಾಣುತ್ತಾ?

ಮೊದಲ ಸಲ ವಿಮಾನ ಹತ್ತಿ ಕೊಚ್ಚಿಗೆ ಹೊರಟಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಮೇಲಿಂದ ನಮ್ಮನೆ ಕಾಣ್ತದಾ ಮಗಾ?" ಕಾಣುತ್ತೆ ಅಂತ ಹೇಳಿಬಿಟ್ಟೆ. ಲೆಕ್ಕ ಹಾಕಿದ್ದು ಆಮೇಲೆ.

ಮ್ಯಾಪಲ್ಲಿ ಬೆಂಗಳೂರಿಂದ ಕೊಚ್ಚಿಗೆ ನೇರ ಗೆರೆ ಎಳೀರಿ. ಅದು ಬಿಳಿಗಿರಿರಂಗನ ಬೆಟ್ಟದ ಹತ್ತಿರ ಹಾದುಹೋಗುತ್ತೆ. ಆ ಗೆರೆಯಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದಲ್ಲಿ ಚಾಮರಾಜನಗರ, 45 ಕಿ.ಮೀ. ದೂರದಲ್ಲಿ ಗುಂಡ್ಲುಪೇಟೆ. ದಕ್ಷಿಣಕ್ಕೆ ಹೋಗುವಾಗ ಪಶ್ಚಿಮ ಬಲಗಡೆ, ಹಾಗಾಗಿ ಬಲಗಡೆ ಕಿಟಕಿ ಸೀಟೇ ಬೇಕು. (ವಿಮಾನ ಈ ಗೆರೆ ಮೇಲೇ ಹೋಗುತ್ತೆ ಅಂತೇನಿಲ್ಲ. ಅದು ನಿಮ್ಮ ಅದೃಷ್ಟ.)

ದೂರ ಸಮಸ್ಯೆ ಅಲ್ಲ. 8,000 ಮೀಟರ್ ಎತ್ತರದಿಂದ ದಿಗಂತ 300 ಕಿ.ಮೀ.ಗಿಂತ ಆಚೆ ಇರುತ್ತೆ. ಸಮಸ್ಯೆ ಕಣ್ಣಿನದು. ಒಳ್ಳೆ ಕಣ್ಣು ಎರಡು ಚುಕ್ಕಿಗಳನ್ನ ಬೇರೆಬೇರೆ ಅಂತ ಗುರುತಿಸಬೇಕಾದರೆ ಅವುಗಳ ನಡುವೆ ಸುಮಾರು ಒಂದು ಡಿಗ್ರಿಯ 60ನೇ ಒಂದು ಭಾಗ ಕೋನ ಇರಬೇಕು. ರೇಡಿಯನ್‌ನಲ್ಲಿ 0.00029. ಅದನ್ನ 45,000 ಮೀಟರ್‌ಗೆ ಗುಣಿಸಿದರೆ 13 ಮೀಟರ್. ನಮ್ಮನೆ ಅಗಲ 9 ಮೀಟರ್. ಮುಗೀತು! ನಮ್ಮನೆ, ಪಕ್ಕದ ಮನೆ, ಬೀದಿ ಎಲ್ಲಾ ಸೇರಿ ಒಂದೇ ಚುಕ್ಕಿ.

ಆದರೆ ಹೊಳೆಯೋ ವಸ್ತುಗಳಿಗೆ ಈ ಲೆಕ್ಕ ಅಡ್ಡಬರಲ್ಲ. ನಕ್ಷತ್ರದ ಕೋನ ಇದಕ್ಕಿಂತ ಎಷ್ಟೋ ಪಟ್ಟು ಚಿಕ್ಕದು, ಆದ್ರೂ ಕಾಣಲ್ವಾ? ಬಿಸಿಲು ಬಿದ್ದ ಶೀಟ್ ಛಾವಣಿಯೂ ಹಾಗೇ. ನಮ್ಮದು ಹೆಂಚಿನ ಮನೆ, ಏನ್ ಮಾಡೋದು.

ವಿಮಾನ ಏರಿದ ಸ್ವಲ್ಪ ಹೊತ್ತಿಗೆ ಕೆಳಗೆ ಕಡುಹಸಿರು ಬೆಟ್ಟಸಾಲು. ಅದರಾಚೆ ಬಯಲು. ಆಮೇಲೆ ಅಕ್ಕಪಕ್ಕ ಎರಡು ನೀರಿನ ತುಂಡು ಫಳಫಳ ಅಂದವು: ಸುವರ್ಣಾವತಿ ಮತ್ತು ಚಿಕ್ಕಹೊಳೆ ಜಲಾಶಯ! ಹಾಗಾದ್ರೆ ಅದರ ಉತ್ತರಕ್ಕಿರೋದು ಚಾಮರಾಜನಗರ. ಅಲ್ಲಿಂದ ಬೆರಳಿಟ್ಟುಕೊಂಡು ಕಿಟಕಿ ಮೇಲೆ ಬಸ್ ರೂಟ್ ಹಿಡಿದೆ: ತೆರಕಣಾಂಬಿ, ಆಮೇಲೆ ನಮ್ಮೂರು. ಊರು ಅಂದರೆ ಒಂದು ಮಸುಕು ಬಿಳಿ ಕಲೆ, ಅಷ್ಟೇ. ಅದರ ಹಿಂದೆ ಕಾಡಿನ ಅಂಚು, 1,454 ಮೀಟರ್‌ನ ಗೋಪಾಲಸ್ವಾಮಿ ಬೆಟ್ಟ. ದಿನಾ ಬಸ್ಸಲ್ಲಿ ನೋಡಿಯೂ ನೋಡದಂತಿದ್ದ ಬೆಟ್ಟ. ಪಕ್ಕದ ಸೀಟಿನ ಅಂಕಲ್‌ಗೆ "ಅದು ನಮ್ಮೂರು" ಅಂದೆ. ಅವರು ಬಗ್ಗಿ ನೋಡಿ "ಎಲ್ಲಿ?" ಅಂದರು.

ಅಜ್ಜಿಗೆ ಫೋನಲ್ಲಿ ನಿಜ ಹೇಳಿದೆ, ಮನೆ ಕಾಣಲಿಲ್ಲ, ಬೆಟ್ಟ ಕಾಣ್ತು ಅಂತ. "ದೇವಸ್ಥಾನ ಕಾಣ್ತಾ?" ಅಂದರು. ಮತ್ತೆ ಅದೇ ಲೆಕ್ಕ!

ಮುಂದಿನ ಸಲ ರಾತ್ರಿ ಹೋಗಿ ನೋಡಬೇಕು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆಯಲ್ಲಿ ವಾಹನ ಸಂಚಾರಕ್ಕೆ ನಿಷೇಧ ಇದೆಯಲ್ಲ, ನಮ್ಮೂರ ದೀಪಗಳು ಮುಗಿದ ತಕ್ಷಣ ಕಾಡು ಕಪ್ಪಗೆ ಶುರುವಾಗಬೇಕು.