ಊಟದ ಡಬ್ಬಿ ತುಂಬಿಯೇ ವಾಪಸು ಬಂದಾಗ

ಮಗಳು ಹತ್ತನೇ ತರಗತಿಯಲ್ಲಿದ್ದ ವರ್ಷ, ಅಕ್ಟೋಬರಿನ ಒಂದು ವಾರ ಅವಳ ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬಂತು. ಸೋಮವಾರ ಚಿತ್ರಾನ್ನ, ಮಂಗಳವಾರ ಒಗ್ಗರಣೆ ಅವಲಕ್ಕಿ, ಬುಧವಾರ ಚಪಾತಿ ಪಲ್ಯ. ಅಮೆರಿಕಕ್ಕೆ ಬಂದ ನಮ್ಮಂಥ ತಾಯಂದಿರಿಗೆ ಮೊದಲು ಹೊಳೆಯುವುದೇ ನನಗೂ ಹೊಳೆಯಿತು. ಇಂಗು, ಬೆಳ್ಳುಳ್ಳಿಯ ವಾಸನೆಗೆ ಯಾರೋ ಮೂಗು ಮುರಿದಿದ್ದಾರೆ, ಹುಡುಗಿ ನಾಚಿಕೆಪಟ್ಟುಕೊಂಡಿದ್ದಾಳೆ ಅಂದುಕೊಂಡೆ. ಗುರುವಾರ ಪಾಸ್ತಾ ಹಾಕಿ ಕಳಿಸಿದೆ. ಪಾಸ್ತಾನೂ ಹಾಗೇ ಬಂತು.

ಊಟದ ತಪ್ಪಲ್ಲ ಅದು. ಕೂತು ತಿನ್ನಲು ಅವಳಿಗೆ ಜಾಗವಿರಲಿಲ್ಲ. ಆ ಅರ್ಧ ಗಂಟೆಯನ್ನು ಅವಳು ಲೈಬ್ರರಿಯಲ್ಲಿ ಕಳೆಯುತ್ತಿದ್ದಳು. ಅಲ್ಲಿ ಡಬ್ಬಿ ತೆರೆಯುವ ಹಾಗಿಲ್ಲ.

ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಅವಳು ನೆಲದ ಮೇಲೆ, ನಾನು ಹಿಂದೆ ಸೋಫಾದ ಮೇಲೆ. ಒಬ್ಬರ ಮುಖ ಒಬ್ಬರಿಗೆ ಕಾಣದು. "ಅಮ್ಮ, ನಿಂಗೆ ಒಂದು ಹೇಳಿದ್ರೆ ಅಪ್ಪಂಗೆ ಹೇಳ್ತೀಯಾ?" ಅಂದಳು. ಆಮೇಲೆ ಬಿಡಿಬಿಡಿಯಾಗಿ ಬಂತು. ಶಾಲೆಯ ಆರ್ಕೆಸ್ಟ್ರಾದಲ್ಲಿ ಒಬ್ಬ ಹುಡುಗ. ಎರಡು ತಿಂಗಳು ಇಬ್ಬರೂ 'ಟಾಕಿಂಗ್'. ಇಲ್ಲಿನ ಮಕ್ಕಳ ಬಾಯಲ್ಲಿ ಅದು ಸ್ನೇಹಕ್ಕಿಂತ ಹೆಚ್ಚು, ಇನ್ನೂ ಪ್ರೀತಿಯೆಂದು ಹೆಸರಿಡದ ಸ್ಥಿತಿ. ಹೋಮ್‌ಕಮಿಂಗ್ ಡಾನ್ಸಿಗೆ ಅವನು ಕರೆದದ್ದು ಇವಳನ್ನಲ್ಲ, ಇವಳ ಜೀವದ ಗೆಳತಿಯನ್ನು. ಸಿಟ್ಟಿನಲ್ಲಿ ಇವಳು ಗೆಳತಿಗೆ ಬರೆದ ಮೆಸೇಜು ಸ್ಕ್ರೀನ್‌ಶಾಟ್ ಆಗಿ ಗುಂಪಿಗೆ ಹೋಯಿತು, ಗುಂಪಿನಿಂದ ಶಾಲೆಗೆ ಹಬ್ಬಿತು. ಸೋಮವಾರ ಊಟದ ಟೇಬಲ್ಲಿನಲ್ಲಿ ಇವಳ ಕುರ್ಚಿಯ ಮೇಲೆ ಯಾರದೋ ಬ್ಯಾಗು ಇತ್ತು.

ಅಷ್ಟು ಹೇಳಿದ ಮಗುವಿಗೆ ನಾನು ಕೊಟ್ಟ ಮೊದಲ ಉತ್ತರ: "ಇದಕ್ಕೇನಾ ನಾವು ಊರು ಬಿಟ್ಟು ಇಷ್ಟು ದೂರ ಬಂದದ್ದು?"

ಹತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ. ಆ ಹತ್ತು ದಿನ ಅವಳು ಯಾರಿಗೂ ಬೇಡದವಳಾಗಿ ಹೇಗೆ ಇದ್ದಳೋ ಎಂದು ಈಗಲೂ ರಾತ್ರಿ ಎಚ್ಚರವಾಗುತ್ತದೆ. ಈ ವರ್ಷ ನಮ್ಮ ಕನ್ನಡ ಕೂಟಕ್ಕೆ ಹೊಸದಾಗಿ ಬಂದ ಕುಟುಂಬಗಳಲ್ಲಿ ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು ಹಲವರಿದ್ದಾರೆ. ನಿಮ್ಮ ಮನೆಯಲ್ಲಿ ಆ ಹತ್ತು ದಿನಗಳು ಬರಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹುಡುಗಿಯರಿಗೆ ಎಲ್ಲಕ್ಕಿಂತ ದುಬಾರಿಯಾದದ್ದು ಮೊದಲ ವಾಕ್ಯ. ಇಲ್ಲಿಯದೇ ಮನೆಗಳ ಅನೇಕ ಮಕ್ಕಳು "ಅವನು ನನ್ನ ಬಿಟ್ಟ" ಎಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಡಬಲ್ಲರು. ನಮ್ಮ ಮಗಳು ಅದನ್ನು ಹೇಳಬೇಕಾದರೆ ಮೊದಲು "ಒಬ್ಬ ಹುಡುಗ ಇದ್ದ" ಎಂದು ಒಪ್ಪಿಕೊಳ್ಳಬೇಕು. ಎಷ್ಟು ದಿನದಿಂದ, ಯಾರ ಮಗ, ಯಾವ ಜನ, ಮಾರ್ಕ್ಸ್ ಯಾಕೆ ಇಳಿದಿದೆ, ಫೋನು ಕೊಡು ಇಲ್ಲಿ ಎಂಬ ವಿಚಾರಣೆ ಕಾದಿರುತ್ತದೆಂದು ಅವಳಿಗೆ ಗೊತ್ತು. ಆದ್ದರಿಂದ ದುಃಖವನ್ನು ನುಂಗಿಕೊಂಡು "ಹಸಿವಿಲ್ಲ", "ತಲೆನೋವು" ಅನ್ನುತ್ತಾಳೆ. ಅವಳು ಹೇಳಿದ ದಿನ ನೀವು ಮಾಡಬೇಕಾದದ್ದು ಬಹಳ ಕಡಿಮೆ. "ತುಂಬಾ ನೋವಾಗಿರಬೇಕಲ್ಲ ಕಂದ" ಅನ್ನಿ. ಆಮೇಲೆ ಸುಮ್ಮನಿರಿ. ಹುಡುಗರ ಜೊತೆ ಓಡಾಡುವ ಬಗ್ಗೆ ನಿಮ್ಮ ಮನೆಯ ನಿಯಮ ಏನೇ ಇರಲಿ, ಅದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳಿ. ಅಳುವ ಮಗುವಿಗೆ ನಿಯಮ ಕೇಳಿಸುವುದಿಲ್ಲ.

"ಇಷ್ಟಕ್ಕೆಲ್ಲ ಯಾರಾದರೂ ಅಳ್ತಾರಾ" ಎನ್ನುವವರಿಗೆ ಒಂದು ಪ್ರಯೋಗದ ವಿಷಯ. 2003ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ನವೋಮಿ ಐಸನ್‌ಬರ್ಗರ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಸ್ಕ್ಯಾನರಿನಲ್ಲಿ ಮಲಗಿದವರು ಪರದೆಯ ಮೇಲೆ ಇನ್ನಿಬ್ಬರ ಜೊತೆ ಚೆಂಡು ಎಸೆದಾಡುವ ಆಟ ಆಡುತ್ತಾರೆ. ಸ್ವಲ್ಪ ಹೊತ್ತಿಗೆ ಆ ಇಬ್ಬರು ತಮ್ಮತಮ್ಮಲ್ಲೇ ಎಸೆದುಕೊಳ್ಳತೊಡಗುತ್ತಾರೆ. ಅವರಿಬ್ಬರೂ ನಿಜವಾದ ಮನುಷ್ಯರಲ್ಲ, ಕಂಪ್ಯೂಟರ್. ಆದರೂ ಹೊರಗಾದವರ ಮಿದುಳಿನಲ್ಲಿ, ಮೈಗೆ ಪೆಟ್ಟು ಬಿದ್ದು ನೊಂದಾಗ ಚುರುಕಾಗುವ ಭಾಗವೇ ಚುರುಕಾಯಿತು. ಪರದೆಯ ಮೇಲಿನ ಚೆಂಡಿಗೇ ಹೀಗಾದರೆ ಜೀವದ ಗೆಳತಿ ಕುರ್ಚಿಯ ಮೇಲೆ ಬ್ಯಾಗು ಇಟ್ಟಾಗ?

ಇಲ್ಲಿನ ಹೈಸ್ಕೂಲಿನ ಕಟ್ಟುಪಾಡು ನಿಮಗೆ ಹೊಸದು, ಆದ್ದರಿಂದ ಕುರ್ಚಿಯ ಬೆಲೆ ಹೇಳುತ್ತೇನೆ. ನಮ್ಮ ಕಾಲದಲ್ಲಿ ಗೆಳತಿ ಠೂ ಬಿಟ್ಟರೂ ಅದೇ ಬಿ ಸೆಕ್ಷನ್, ಅದೇ ಬೆಂಚು. ಎರಡು ದಿನ ಕಳೆದು ಕೈವಾರ ಬೇಕಾದಾಗ ಮಾತು ತಾನಾಗಿ ಶುರುವಾಗುತ್ತಿತ್ತು. ಇಲ್ಲಿ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ಮಕ್ಕಳಿಗೆ ನಮ್ಮ ಹಾಗೆ ಒಂದು ಸೆಕ್ಷನ್ ಇರುವುದಿಲ್ಲ. ಪ್ರತಿ ಪೀರಿಯಡ್ಡಿಗೂ ಬೇರೆ ಕೋಣೆ, ಬೇರೆ ಮುಖಗಳು. 'ನಮ್ಮವರು' ಎನ್ನುವ ಗುಂಪು ಇರುವುದು ಊಟದ ಟೇಬಲ್ಲಿನಲ್ಲಿ ಮತ್ತು ಫೋನಿನ ಗ್ರೂಪ್ ಚಾಟಿನಲ್ಲಿ. ಎರಡೂ ಕೈಬಿಟ್ಟರೆ ಸಾವಿರ ಮಕ್ಕಳ ನಡುವೆ ಹುಡುಗಿ ಒಂಟಿ. ಹೊಸದಾಗಿ ಬಂದವಳ ಪಾಡು ಇನ್ನೂ ಕಷ್ಟ. ಉಳಿದವರಲ್ಲಿ ಎಷ್ಟೋ ಮಂದಿ ಕಿಂಡರ್‌ಗಾರ್ಟನ್‌ನಿಂದ ಪರಿಚಯದವರು. ಇವಳಿಗೆ ಒಬ್ಬಳೇ ಗೆಳತಿ, ಅವಳ ಮೂಲಕವೇ ಎಲ್ಲರೂ. ಹಾಗಾಗಿ ಹುಡುಗ ಹೋದದ್ದಕ್ಕಿಂತ ಗೆಳತಿ ಹೋದದ್ದು ದೊಡ್ಡ ನಷ್ಟ. ನನ್ನ ಮಗಳು ಹುಡುಗನಿಗಾಗಿ ಮೂರು ವಾರ ಅತ್ತಳು. ಗೆಳತಿಗಾಗಿ ವರ್ಷವಿಡೀ ಅತ್ತಳು.

ಹೋಮ್‌ಕಮಿಂಗ್ ಬಗ್ಗೆಯೂ ಒಂದು ಮಾತು. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಮರಳುವ ಹೆಸರಿನಲ್ಲಿ ಶರತ್ಕಾಲದಲ್ಲಿ ನಡೆಯುವ ಹಬ್ಬ ಅದು. ಫುಟ್‌ಬಾಲ್ ಪಂದ್ಯ, ಡಾನ್ಸು ಇರುತ್ತದೆ. ಯಾರು ಯಾರನ್ನು ಕರೆದರು ಎನ್ನುವುದು ಇಡೀ ಶಾಲೆಗೆ ಗೊತ್ತಾಗುವ ಸಂಗತಿ. ಪೋಸ್ಟರ್ ಹಿಡಿದು ಎಲ್ಲರೆದುರು ಕೇಳುವುದೂ ಉಂಟು. ಆ ವಾರಗಳಲ್ಲಿ, ವಸಂತದ ಪ್ರಾಮ್ ಡಾನ್ಸಿನ ಹೊತ್ತಿನಲ್ಲೂ, ಮಗಳ ಡಬ್ಬಿಯನ್ನೊಮ್ಮೆ ನೋಡಿ.

ಇನ್ನು ಫೋನು. ಕಸಿದುಕೊಳ್ಳಬೇಕು ಎಂದು ಕೈ ತುರಿಸುತ್ತದೆ, ನನಗೂ ಹಾಗೇ ಆಗಿತ್ತು. ಕಸಿದುಕೊಂಡರೆ ಉಳಿದ ಒಬ್ಬಿಬ್ಬರ ಸಂಪರ್ಕವೂ ತಪ್ಪುತ್ತದೆ, ಮುಂದಿನ ಸಲ ಅವಳು ನಿಮಗೆ ಏನನ್ನೂ ಹೇಳುವುದಿಲ್ಲ. ಮಂಡ್ಯದ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ, ಹದಿಹರೆಯದವರು ಮತ್ತು ಸೋಷಿಯಲ್ ಮೀಡಿಯಾ ಬಗ್ಗೆ ಎಚ್ಚರಿಕೆಯ ವರದಿ ಕೊಟ್ಟರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಅದರಲ್ಲಿ ಕಳೆಯುವ ಮಕ್ಕಳಿಗೆ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಎರಡು ಪಟ್ಟು ಎಂದು ಅದರಲ್ಲಿದೆ. ನಮ್ಮ ಮನೆಯಲ್ಲಿ ನಾವು ಮಾಡಿಕೊಂಡದ್ದು ಇಷ್ಟೇ: ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ. ಎಲ್ಲರದೂ ಅಂದರೆ ನನ್ನದು, ಅವಳ ಅಪ್ಪನದೂ ಸೇರಿ. ಅವಳಿಗೆ ಅತ್ಯಂತ ಕೆಟ್ಟ ಮೆಸೇಜುಗಳು ಬರುತ್ತಿದ್ದದ್ದು ಮಧ್ಯರಾತ್ರಿಯಲ್ಲಿ. ಬೆಳಿಗ್ಗೆ ಓದಿದಾಗಲೂ ನೋವಾಗುತ್ತಿತ್ತು, ಆದರೆ ಪಕ್ಕದಲ್ಲಿ ನಾವಿರುತ್ತಿದ್ದೆವು.

ಕೆಟ್ಟ ಮೆಸೇಜಿಗೆ ಉತ್ತರ ಕೊಡಬೇಡ, ಅಳಿಸಲೂ ಬೇಡ, ತಾರೀಖಿನ ಸಮೇತ ಉಳಿಸಿಟ್ಟುಕೋ ಎಂದು ಹೇಳಿಕೊಡಿ. ಮಾತು ಗುಸುಗುಸು ದಾಟಿ ಬೆದರಿಕೆ, ಅಶ್ಲೀಲ, ಬಣ್ಣ ಅಥವಾ ಧರ್ಮದ ನಿಂದನೆಗೆ ಹೋದರೆ ಶಾಲೆಗೆ ಬರೆಯಿರಿ. ಫೋನಿನಲ್ಲಿ ಹೇಳಿ ಬಿಡಬೇಡಿ, ಈಮೇಲ್ ಇರಲಿ. ಐವತ್ತೂ ರಾಜ್ಯಗಳಲ್ಲಿ ಶಾಲೆಯ ಕಿರುಕುಳದ ವಿರುದ್ಧ ಕಾನೂನಿದೆ. ಖಾಸಗಿ ಚಿತ್ರವೊಂದು ಹೊರಬಿದ್ದಿದ್ದರೆ ಕೂಗಾಡುವ ಹೊತ್ತಲ್ಲ ಅದು. ಹದಿನೆಂಟು ತುಂಬದವರ ಅಂಥ ಚಿತ್ರವನ್ನು ಸಾಕ್ಷಿಗೆಂದೂ ಯಾರಿಗೂ ಕಳಿಸಬೇಡಿ, ಅದೇ ಅಪರಾಧವಾಗಬಹುದು. ಕಾಣೆಯಾದ ಮತ್ತು ಶೋಷಣೆಗೊಳಗಾದ ಮಕ್ಕಳ ರಾಷ್ಟ್ರೀಯ ಕೇಂದ್ರ ನಡೆಸುವ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಅಂಕಿಗುರುತು ಮಾತ್ರ ಈ ಸೇವೆಗೆ ಸೇರಿಕೊಂಡಿರುವ ಆನ್‌ಲೈನ್ ಕಂಪನಿಗಳಿಗೆ ಹೋಗುತ್ತದೆ, ಅವು ಆ ಚಿತ್ರವನ್ನು ಹುಡುಕಿ ತೆಗೆಯುತ್ತವೆ.

ಹುಡುಗನ ಅಥವಾ ಗೆಳತಿಯ ಮನೆಗೆ ನೀವೇ ಫೋನು ಮಾಡಬೇಡಿ. ನಾನು ನಂಬರ್ ಒತ್ತಿ ಆಗಿತ್ತು. ಮಗಳು ಬಂದು ಕೈ ಹಿಡಿದಳು. ಹೆತ್ತವರು ಸೇರಿದ ಕೂಡಲೇ ಮಕ್ಕಳ ಮುರಿದ ಸ್ನೇಹ ಎರಡು ಮನೆಗಳ ಜಗಳವಾಗುತ್ತದೆ, ಮತ್ತೆ ಕೂಡಿಕೊಳ್ಳುವ ದಾರಿ ಮುಚ್ಚುತ್ತದೆ. ಅದರ ಬದಲು ಶಾಲೆಯ ಕೌನ್ಸೆಲರ್ ಬಳಿ ಹೋಗಿ. ಕೌನ್ಸೆಲರ್ ಅಂದರೆ ಮನೋರೋಗದ ವೈದ್ಯರು ಎಂದು ನಮ್ಮಲ್ಲಿ ಹೆದರುವವರಿದ್ದಾರೆ. ವಿಷಯ ಆರಿಸುವುದರಿಂದ ಕಾಲೇಜು ಅರ್ಜಿಯವರೆಗೆ ಎಲ್ಲ ಮಕ್ಕಳನ್ನೂ ನೋಡಿಕೊಳ್ಳುವವರು ಅವರೇ. ದುಡ್ಡು ಕೊಡಬೇಕಿಲ್ಲ. ಮಗು ಹೇಳಿದ್ದನ್ನು, ಜೀವಕ್ಕೆ ಅಪಾಯವಿಲ್ಲದಿದ್ದರೆ, ಊರಿಗೆಲ್ಲ ಹೇಳುವುದಿಲ್ಲ. ನಮ್ಮ ಮಗಳ ಕೌನ್ಸೆಲರ್ ಮಾಡಿದ ಒಂದು ಕೆಲಸ ನನಗೆ ಹೊಳೆದೇ ಇರಲಿಲ್ಲ: ಒಂದು ಕ್ಲಾಸು ಅದಲು ಬದಲು ಮಾಡಿ ಅವಳ ಊಟದ ಪೀರಿಯಡ್ಡನ್ನೇ ಬದಲಿಸಿದರು. ಹಳೆಯ ಟೇಬಲ್ಲು ದಿನಾ ಕಣ್ಣಿಗೆ ಬೀಳುವುದು ನಿಂತಿತು. ಇಂಗ್ಲಿಷ್ ಕಷ್ಟ ಎನ್ನುವ ಅಮ್ಮಂದಿರೇ, ದುಭಾಷಿ ಬೇಕೆಂದು ಕೇಳಿ. ಅದನ್ನು ಒದಗಿಸುವುದು ಸರ್ಕಾರಿ ಶಾಲೆಯ ಕರ್ತವ್ಯ. ತನ್ನ ನೋವನ್ನು ಮಗಳೇ ನಿಮಗೆ ಅನುವಾದಿಸುವಂತೆ ಮಾಡಬೇಡಿ.

ಮಕ್ಕಳ ಡಾಕ್ಟರು ವರ್ಷದ ತಪಾಸಣೆಯಲ್ಲಿ "ಸ್ವಲ್ಪ ಹೊರಗೆ ಕೂತಿರಿ" ಎಂದಾಗ ಹೊರಗೆ ಕೂತಿರಿ. ಹನ್ನೆರಡು ವರ್ಷದ ಮೇಲಿನವರೆಲ್ಲರಿಗೂ ಖಿನ್ನತೆಯ ಪ್ರಶ್ನೆಗಳನ್ನು ಕೇಳಬೇಕೆಂದು ಇಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ ಇದೆ. ನಿಮ್ಮೆದುರು ಅವಳು ನಿಜ ಹೇಳಲಾರಳು.

ಮುಂದಿನದನ್ನು ಬರೆಯಲು ಕಷ್ಟ, ಆದರೂ ಬರೆಯಲೇಬೇಕು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೈಸ್ಕೂಲ್ ಮಕ್ಕಳನ್ನು ಎರಡು ವರ್ಷಕ್ಕೊಮ್ಮೆ ಕೇಳುವ ಸಮೀಕ್ಷೆಯಲ್ಲಿ, 2021ರಲ್ಲಿ ನೂರಕ್ಕೆ 57 ಹುಡುಗಿಯರು ಬಿಡದೆ ಕಾಡುವ ದುಃಖ, ಹತಾಶೆ ಇದೆ ಎಂದಿದ್ದರು, 2023ರಲ್ಲಿ 53. ನಮ್ಮ ಮನೆಯ ಹುಡುಗಿ ಆ ಲೆಕ್ಕದ ಹೊರಗಿದ್ದಾಳೆಂದು ಅಂದುಕೊಳ್ಳಬೇಡಿ. ಎರಡು ವಾರ ಕಳೆದರೂ ಊಟ ನಿದ್ದೆ ಸರಿಹೋಗದಿದ್ದರೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದರೆ, "ನಾನಿಲ್ಲದಿದ್ರೆ ನಿಮಗೆಲ್ಲ ಸುಲಭ" ಎಂಬ ಮಾತು ಬಂದರೆ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ ಪುಟ್ಟಿ?" ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡಬೇಡಿ. 988ಕ್ಕೆ ಕರೆ ಮಾಡಿ ಅಥವಾ ಮೆಸೇಜು ಕಳಿಸಿ. 2022ರ ಜುಲೈನಿಂದ ದೇಶದಾದ್ಯಂತ ಹಗಲು ರಾತ್ರಿ ನಡೆಯುವ ಉಚಿತ ಸಹಾಯವಾಣಿ ಅದು. ಜೀವಕ್ಕೆ ಆ ಗಳಿಗೆಯಲ್ಲೇ ಅಪಾಯವಿದ್ದರೆ 911. ನಾವೆಲ್ಲ ದೊಡ್ಡ ಬಾಟಲಿಯಲ್ಲಿ ತಂದಿಡುವ ಟೈಲೆನಾಲ್ ಮೊದಲಾದ ಮಾತ್ರೆಗಳನ್ನು ಇಂದೇ ಬೀಗದೊಳಗೆ ಇಡಿ. ಅತಿಯಾಗಿ ನುಂಗಿದರೆ ಟೈಲೆನಾಲ್ ಲಿವರನ್ನೇ ಹಾಳುಮಾಡುತ್ತದೆ.

ಈಗ ನಮ್ಮ ಕೂಟದ ವಿಷಯ. ಮಾತು ಮತ್ತೆ ಶುರುವಾದ ದಿನ ಮಗಳು ಮೊದಲು ಕೇಳಿದ್ದು, "ಕೂಟದ ಆಂಟಿಗಳಿಗೆ ಗೊತ್ತಾಗಿದೆಯಾ?" ಶಾಲೆಯ ಸ್ಕ್ರೀನ್‌ಶಾಟಿಗಿಂತ ಅವಳಿಗೆ ನಮ್ಮ ಭಯ ದೊಡ್ಡದಾಗಿತ್ತು. ದೀಪಾವಳಿ ಕಾರ್ಯಕ್ರಮದಲ್ಲಿ ಬಿಸಿಬೇಳೆಬಾತ್ ಬಡಿಸುತ್ತಾ "ಅವರ ಮಗಳ ವಿಷಯ ಕೇಳಿದ್ರಾ?" ಎಂದು ತಗ್ಗಿದ ದನಿಯಲ್ಲಿ ಶುರುವಾಗುವ ಮಾತಿಗೆ ನಾನೂ ಕಿವಿ ಕೊಟ್ಟಿದ್ದೇನೆ. ಹುಡುಗರ ಬಗ್ಗೆ ಆ ದನಿ ಎಂದೂ ತಗ್ಗಿದ್ದು ಕಾಣೆ. ನಮ್ಮ ಮಕ್ಕಳಲ್ಲಿ ಹಲವರು ಒಂದೇ ಶಾಲೆಯವರು. ಅಲ್ಲಿನ ಮಾತು ಇಲ್ಲಿಗೆ, ಇಲ್ಲಿನದು ಅಲ್ಲಿಗೆ ಹೋಗುತ್ತದೆ, ನಡುವೆ ಹುಡುಗಿಗೆ ನಿಲ್ಲಲು ನೆಲವೇ ಇರುವುದಿಲ್ಲ. ಯಾರಾದರೂ ಶುರು ಮಾಡಿದರೆ "ಪಾಪ, ಮಗು ಅದು, ಬಿಡಿ" ಎಂದು ತಟ್ಟೆ ಹಿಡಿದು ಮುಂದೆ ನಡೆಯಿರಿ. ಊರಿನ ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ಶಿವಮೊಗ್ಗದ ಅಜ್ಜಿ ಹರಕೆ ಹೊತ್ತುಕೊಂಡು ದಿನಾ ಫೋನು ಮಾಡಿದರೆ ಮಗಳು ಅದನ್ನೂ ಹೊರಬೇಕಾಗುತ್ತದೆ.

ಹಳೆಯ ಗೆಳತಿಯ ಜೊತೆ ಮಗಳು ಮತ್ತೆ ಮೊದಲಿನ ಹಾಗೆ ಆಗಲಿಲ್ಲ. ಎದುರಾದರೆ ಇಬ್ಬರೂ ತಲೆಯಾಡಿಸುತ್ತಾರೆ. ಹೊಸ ಊಟದ ಪೀರಿಯಡ್ಡಿನಲ್ಲಿ ಮೂರು ವಾರ ಒಬ್ಬಳೇ ಕೂತಳು. ನಾಲ್ಕನೇ ವಾರ ಆ ವರ್ಷವೇ ಬಂದ ಇಥಿಯೋಪಿಯಾದ ಹುಡುಗಿಯೊಬ್ಬಳು ಇವಳ ಎದುರು ಕೂತು ಡಬ್ಬಿ ತೆರೆದಳು. ಅದರಲ್ಲಿದ್ದ ಇಂಜೆರಾ ನೋಡಿ ಇವಳು "ನಮ್ಮ ದೋಸೆ ಥರ ಇದೆ" ಅಂದಳಂತೆ. ಅಂದಿನಿಂದ ಚಿತ್ರಾನ್ನ ಖಾಲಿಯಾಗಿ ಬರತೊಡಗಿತು.

ಇದನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಿ ಹೇಳಿದೆ. ಈಗ ಅವಳು ಹನ್ನೆರಡನೇ ತರಗತಿ. ತನ್ನ ಬಗ್ಗೆ ಬರೆದ ಯಾವುದನ್ನೂ ತೆಗೆಸಲಿಲ್ಲ. ಆ ಹುಡುಗ ನುಡಿಸುವ ವಾದ್ಯದ ಹೆಸರನ್ನು ಮಾತ್ರ ಹೊಡೆದುಹಾಕಿಸಿದಳು. "ಅದನ್ನ ನುಡಿಸೋರು ಶಾಲೇಲಿ ಇಬ್ಬರೇ ಅಮ್ಮ, ಗೊತ್ತಾಗಿಬಿಡುತ್ತೆ" ಅಂದಳು.